ಮಿಲಿಮೀಟರ್ ಅಕ್ಕನ ಕಸದ ಪುಸ್ತಕ

ಹೆರಿಗೆಯಲ್ಲಿ ಮಗುವಿನ ಹಿಂದೆಯೇ ಬರುವುದಕ್ಕೆ ಕಸ ಎಂದು ಹೆಸರಿಟ್ಟವರು ಯಾರೋ, ಕೈಗೆ ಸಿಕ್ಕಿದ್ದರೆ ನಮ್ಮ ಅಕ್ಕ ಅವರನ್ನು ಸುಮ್ಮನೆ ಬಿಡುತ್ತಿರಲಿಲ್ಲ. ಒಂಬತ್ತು ತಿಂಗಳು ತಾಯಿಯಿಂದ ಮಗುವಿಗೆ ಊಟ, ನೀರು, ಉಸಿರು ಎಲ್ಲವನ್ನೂ ದಾಟಿಸುವ ಅಂಗ ಅದು. ಹೊಕ್ಕುಳಬಳ್ಳಿ ಹೋಗಿ ಸೇರುವುದು ಅಲ್ಲಿಗೇ. ಪಠ್ಯಪುಸ್ತಕದಲ್ಲಿ ಅದು ಜರಾಯು, ಡಾಕ್ಟರುಗಳ ಬಾಯಲ್ಲಿ ಪ್ಲಸೆಂಟಾ, ಹೆರಿಗೆ ಕೋಣೆಯಲ್ಲಿ ಮಾತ್ರ ಕಸ. "ಮಗು ಆಯ್ತು, ಕಸ ಬಿತ್ತಾ?" ಎಂದು ನರ್ಸು ಕೂಗಿದರೆ ಅಕ್ಕ ಹುಬ್ಬು ಗಂಟಿಕ್ಕುತ್ತಿದ್ದರು. "ಇಷ್ಟು ದಿನ ಸಾಕಿದ್ದನ್ನ ಕಸ ಅಂತಾರಲ್ಲ, ಕೃತಜ್ಞತೆ ಇಲ್ಲದ ಜನ" ಎನ್ನುತ್ತಿದ್ದರು. ಹಾಗೆಂದು ಅವರೇನೂ ಬೇರೆ ಹೆಸರು ಬಳಸುತ್ತಿರಲಿಲ್ಲ. ಬೈಯುತ್ತಲೇ ತಾವೂ ಕಸ ಎನ್ನುತ್ತಿದ್ದರು.

ಅಕ್ಕ ಎಂದರೆ ನನ್ನ ಒಡಹುಟ್ಟಿದವರಲ್ಲ. ನಮ್ಮ ಹೆರಿಗೆ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ, ಲಿಫ್ಟಿನಿಂದ ಇಳಿದ ಕೂಡಲೇ ಎಡಕ್ಕೆ ಸಿಗುವ ಸ್ಕ್ಯಾನಿಂಗ್ ಕೋಣೆಯಲ್ಲಿ ಇಪ್ಪತ್ತಾರು ವರ್ಷ ಬಸುರಿಯರ ಹೊಟ್ಟೆಯೊಳಗೆ ಇಣುಕಿ ನೋಡಿದವರು. ಅದೇ ಕೋಣೆಯ ಬಾಗಿಲ ಬಳಿ, ಪರದೆಯ ಈಚೆ, ಟೈಪಿಸ್ಟಾಗಿ ಅವರ ಜೊತೆ ಹದಿನಾಲ್ಕು ವರ್ಷ ಕೂತವಳು ನಾನು. ಬಂದವರ ಹೆಸರು, ವಯಸ್ಸು, ತಿಂಗಳು ಕೇಳಿ ಫಾರಂ ತುಂಬುವುದು, ಅಕ್ಕ ಪರದೆಯಾಚೆಯಿಂದ ಹೇಳಿದ ಅಂಕಿಗಳನ್ನು ವರದಿಗೆ ಹಾಕುವುದು ನನ್ನ ಕೆಲಸ. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಆಸ್ಪತ್ರೆಗೆಲ್ಲ ಗೊತ್ತು. ದಿನಕ್ಕೆ ನಲವತ್ತು ಜನ, ಅವರಿಗೆ ಒಂದೇ ಬೆಂಚು, ತಿರುಗುವ ಮನಸ್ಸಿಲ್ಲದ ಫ್ಯಾನು. ಇಂಥ ಕಡೆ ಕೂತು ನಗುನಗುತ್ತ ಮಾತಾಡಲು ನಾನೇನು ಗೊಂಬೆಯೇ?

ಅಕ್ಕನಿಗೆ ಮಿಲಿಮೀಟರ್ ಎಂಬ ಹೆಸರು ಬಂದಿದ್ದು ಅವರ ಗಂಡನಿಂದ. ಆತ ಮರಗೆಲಸದವರು. ಹೊಟ್ಟೆ ಹೊತ್ತ ಹೆಂಗಸರು ಎತ್ತರದ ಮಂಚ ಹತ್ತಲು ಒದ್ದಾಡುತ್ತಾರೆಂದು ಅಕ್ಕ ಅವರಿಂದ ಒಂದು ಮರದ ಮೆಟ್ಟಿಲು ಮಾಡಿಸಿದರು. ಮಾಡಿ ತಂದರೆ, ಎತ್ತರ ಸ್ವಲ್ಪ ಜಾಸ್ತಿ ಎಂದು ವಾಪಸ್ಸು ಕಳಿಸಿದರು. ಕೀಸಿ ತಂದರೆ ಒಂದು ಕಾಲು ಕುಂಟು ಎಂದರು. ಮೂರನೇ ಸಲ ಮೆಟ್ಟಿಲು ಹೊತ್ತು ಮೂರು ಮಹಡಿ ಹತ್ತಿ ಬಂದ ಯಜಮಾನರು ನನ್ನ ಮೇಜಿನ ಮುಂದೆ ಉಸ್ಸಪ್ಪ ಎಂದು ಕೂತು, "ನಮ್ಮ ಕಸುಬಲ್ಲಿ ಅಳತೆ ಒಂದು ನೂಲು ಆಚೀಚೆ ಆದ್ರೆ ನಡೆಯುತ್ತಮ್ಮ. ಇವಳು ಮಿಲಿಮೀಟರ್ ಬಿಟ್ಟು ಕೆಳಗಿಳಿಯಲ್ಲ. ಮೂವತ್ತು ವರ್ಷದಿಂದ ಹೇಗೆ ಸಂಸಾರ ಮಾಡ್ತಿದೀನಿ, ನೀನೇ ಹೇಳು" ಎಂದರು. ಒಳಗಿನಿಂದ ಅಕ್ಕ, "ಅಳತೆ ನೋಡದೆ ನಿಮ್ಮನ್ನ ಮದುವೆ ಆದೆನಲ್ಲ, ಅದೊಂದು ಸಲ ಸಾಕು" ಎಂದರು. ಬೆಂಚಿನ ಮೇಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವತ್ತಿನಿಂದ ಆ ಹೆಸರು ಅಂಟಿಕೊಂಡಿತು.

ಅಳತೆಯಲ್ಲಿ ಎಷ್ಟು ಬಿಗಿಯೋ ಮನುಷ್ಯರ ಜೊತೆ ಅಷ್ಟೇ ಮೆತ್ತಗೆ. ಹೊಟ್ಟೆಗೆ ಹಚ್ಚುವ ಜೆಲ್ಲಿನ ಬಾಟಲಿಯನ್ನು ಬಿಸಿನೀರಿನ ಬೋಗುಣಿಯಲ್ಲಿ ಇಟ್ಟಿರುತ್ತಿದ್ದರು, ತಣ್ಣಗಿದ್ದರೆ ತಾಯಿ ಬೆಚ್ಚುತ್ತಾಳೆ ಎಂದು. ಮಕ್ಕಳ ಜೊತೆಗಂತೂ ಮಾತೇ ಮಾತು. "ತಿರುಗೋ ಮರಿ, ಬಂದವರಿಗೆ ಬೆನ್ನು ತೋರಿಸಿ ಮಲಗೋದು ಯಾವ ಮರ್ಯಾದೆ?" "ಕಾಲು ಮಡಚಿಕೊಂಡ್ರೆ ಹೇಗೆ ಅಳೀಲಿ ರಾಜ, ಒಂಚೂರು ಚಾಚು." ನಾನು ಈಚೆ ಕೂತು, ಇನ್ನೂ ಇಪ್ಪತ್ತೆರಡು ಜನ ಇದ್ದಾರೆ ಎಂದು ಗೊಣಗುತ್ತಿದ್ದೆ. ಅಕ್ಕ ಅದನ್ನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ತಲೆಯ ಅಳತೆ, ಹೊಟ್ಟೆಯ ಸುತ್ತಳತೆ, ತೊಡೆಯ ಮೂಳೆಯ ಉದ್ದ, ಇಷ್ಟು ವರದಿಗೆ ಬೇಕಾದದ್ದು. ಮಗುವಿಗೆ ಎಷ್ಟು ವಾರ ಎಂಬುದನ್ನು ಯಂತ್ರ ಇವುಗಳಿಂದಲೇ ಹೇಳುತ್ತದೆ. ಕಸದ ಬಗ್ಗೆ ಫಾರಮಿನಲ್ಲಿ ಒಂದೇ ಸಾಲು: ಎಲ್ಲಿದೆ, ಮೇಲೋ ಕೆಳಗೋ. ಅಕ್ಕ ಮಾತ್ರ ಎಲ್ಲ ಮುಗಿದ ಮೇಲೆ ಇನ್ನೊಂದು ನಿಮಿಷ ನಿಂತು ಕಸದ ದಪ್ಪ ಅಳೆಯುತ್ತಿದ್ದರು. ಬಳ್ಳಿ ಸೇರುವ ಜಾಗದಲ್ಲಿ, ನೆಟ್ಟಗೆ, ಒತ್ತದೆ. ಗರ್ಭಕೋಶ ಬಿಗಿದುಕೊಂಡಿದ್ದರೆ ಕಸ ಇದ್ದದ್ದಕ್ಕಿಂತ ದಪ್ಪ ಕಾಣುತ್ತದೆಂದು, ಅದು ಸಡಿಲಾಗುವವರೆಗೆ ತಾಯಿಯನ್ನು ಮಾತಾಡಿಸುತ್ತ ಕಾಯುತ್ತಿದ್ದರು. ಆಮೇಲೆ ಕಸ ಎಂದು ಬರೆದ ಒಂದು ಉದ್ದನೆಯ ಪುಸ್ತಕದಲ್ಲಿ ಅದನ್ನು ಪೆನ್ಸಿಲಿನಲ್ಲಿ ಬರೆದಿಡುತ್ತಿದ್ದರು.

"ಯಾರಿಗೆ ಬೇಕಕ್ಕ ಇದು?" ಎಂದು ಒಂದು ದಿನ ರೇಗಿದೆ.

"ಕಸ ಎಷ್ಟು ಮಿಲಿಮೀಟರ್ ದಪ್ಪ ಇರುತ್ತೋ ಮಗೂಗೆ ಹೆಚ್ಚುಕಮ್ಮಿ ಅಷ್ಟೇ ವಾರ. ಇಪ್ಪತ್ತೆಂಟು ಇದ್ರೆ ಇಪ್ಪತ್ತೆಂಟರ ಆಜುಬಾಜು. ನಾನೇನೂ ಕಂಡುಹಿಡಿದಿದ್ದಲ್ಲ, ಓದಿದ್ದು. ನಮ್ಮ ಹೆಂಗಸರಲ್ಲೂ ಹಾಗೇನಾ ಅಂತ ನೋಡ್ತಿದೀನಿ."

"ಹಾಗೇನಾ?"

"ಕೊನೇ ತಿಂಗಳಲ್ಲಿ ಮಾತು ಕೇಳಲ್ಲ. ಸಕ್ಕರೆ ಕಾಯಿಲೆ ಇದ್ರೆ ದಪ್ಪ ಆಗಿಬಿಡುತ್ತೆ, ಮಗು ಬೆಳೀತಿಲ್ಲ ಅಂದ್ರೆ ತೆಳ್ಳಗಿರುತ್ತೆ. ಇಲ್ಲದಿದ್ರೆ ಪಾಪ, ಸುಳ್ಳು ಹೇಳಲ್ಲ."

ಪುಸ್ತಕದಲ್ಲಿ ಗೆರೆ ಎಳೆದು ಮೂರು ಕಾಲಂ ಮಾಡಿದ್ದರು: ಕಸ, ವಾರ, ಷರಾ. ಮೊದಲ ತಿಂಗಳುಗಳ ಸ್ಕ್ಯಾನಿನಿಂದಲೋ ಆಮೇಲೋ ದಿನ ಖಚಿತವಾದವರ ಅಂಕಿ ಮಾತ್ರ ಅದರೊಳಗೆ ಹೋಗುತ್ತಿತ್ತು.

ಈ ಪುಸ್ತಕಕ್ಕೂ ಒಂದು ಗ್ರಹಚಾರ ಬಂತು. ಅಕ್ಕ ಒಂದು ವಾರ ರಜೆ ಹಾಕಿದ್ದಾಗ ಮಹಡಿ ಗುಡಿಸುವ ಆಯಾ ಬದಲಾದಳು. ಪ್ರತಿದಿನ ಎಷ್ಟು ಕಸ ಹೋಯಿತೆಂದು ಬರೆದಿಡಬೇಕು ಎಂದು ಮೇಲಿನವರು ಹೊಸಬಳಿಗೆ ಹೇಳಿದ್ದರು. ಪರದೆಯಾಚೆ ಅಕ್ಕನ ಮೇಜಿನ ಮೇಲೆ ಕಸ ಎಂದು ದಪ್ಪಕ್ಷರದಲ್ಲಿ ಬರೆದ ಪುಸ್ತಕ ಕಾದು ಕೂತಿದೆ. ಆಕೆ ತಪ್ಪದೆ ಐದು ದಿನ ಬರೆದಳು. ಅಕ್ಕ ಬಂದು ತೆರೆದು ನೋಡಿದರೆ, ಮೂವತ್ತೊಂದು ಮಿಲಿಮೀಟರಿನ ಕೆಳಗೆ "ಎರಡು ಚೀಲ, ಒಂದು ಡಬ್ಬ", ಅದರ ಕೆಳಗೆ "ಮೂರು ಚೀಲ, ಒಂದು ಹರಿದಿತ್ತು". ನಾನು ಆಯಾಳ ಮೇಲೆ ಹಾರಾಡಿದೆ. ಅಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಅಳಿಸಬೇಡ, ಇರಲಿ. ಅವಳು ಷರಾನೂ ಬರೆದಿದಾಳೆ ನೋಡು. ನಿನಗಿಂತ ಶಿಸ್ತು" ಎಂದರು.

ಈಗ ಹೇಳಬೇಕಾದದ್ದಕ್ಕೆ ಬರುತ್ತೇನೆ. ಹೇಳಲು ಇಷ್ಟವಿಲ್ಲ. ಆದರೆ ಇದನ್ನು ಬಿಟ್ಟು ಅಕ್ಕನ ಬಗ್ಗೆ ಹೇಳಿದರೆ ಅದು ಅರ್ಧ ಸುಳ್ಳಾಗುತ್ತದೆ.

ಆರು ವರ್ಷದ ಹಿಂದಿನ ಒಂದು ಸೋಮವಾರ. ಬೆಂಚು ತುಂಬಿ ಗೋಡೆಗೆ ಒರಗಿ ನಿಂತವರೂ ಇದ್ದರು. ಒಬ್ಬ ಬಸುರಿ, ಜೊತೆಗೆ ಅತ್ತೆ, ಗಂಡ. ಗಂಡ ಸಾಮಾನು ಸಾಗಿಸುವ ವ್ಯಾನಿನ ಡ್ರೈವರು. ತಲೆ ಎಷ್ಟು ದೊಡ್ಡದೆಂದರೆ ಬಾಗಿಲಲ್ಲಿ ನಿಂತಾಗ ಕಾರಿಡಾರಿನ ಬೆಳಕು ಕಡಿಮೆಯಾಯಿತು. ಬೇರೆ ಊರಿನಿಂದ ಮನೆ ಬದಲಿಸಿಕೊಂಡು ಬಂದವರು. ಹಳೆಯ ಸ್ಕ್ಯಾನಿನ ಕಾಗದಗಳೆಲ್ಲ ಯಾವ ಪೆಟ್ಟಿಗೆಯಲ್ಲಿ ಹೋದವೋ ಗೊತ್ತಿಲ್ಲ. ನಾನು ತಲೆ ಎತ್ತದೆ, "ಎಷ್ಟು ತಿಂಗಳು?" ಎಂದೆ. ಸೊಸೆ ಬಾಯಿ ತೆರೆಯುವ ಮುಂಚೆ ಅತ್ತೆ ಏನೋ ಹೇಳಿದರು. ಅದರಲ್ಲಿ ನನಗೆ ಕೇಳಿದ್ದು ಒಂಬತ್ತು. ಫಾರಮಿನಲ್ಲಿ ತಿಂಗಳು ತುಂಬುವ ಪುಟ್ಟ ಗೂಡಿನಲ್ಲಿ ಒಂಬತ್ತು ಎಂದು ಹೊಡೆದೆ, ಅವತ್ತು ಸ್ಕ್ಯಾನಿಗೆ ಸರದಿ ಸಿಗದೆಂದು ಹೇಳಿ ಮುಂದಿನವರನ್ನು ಕರೆದೆ. ಒಂಬತ್ತು ತಿಂಗಳೆಂದರೆ ಮೂವತ್ತೊಂಬತ್ತು ವಾರ. ಆ ಫಾರಂ ಫೈಲಿಗೆ ಹೋಯಿತು, ಫೈಲು ದೊಡ್ಡ ಡಾಕ್ಟರಮ್ಮನ ಮೇಜಿಗೆ ಹೋಯಿತು. ಆ ಬಸುರಿಗೆ ಮೊದಲ ಹೆರಿಗೆ ಆಪರೇಷನ್ನಿನಿಂದ ಆಗಿತ್ತು. ಈ ಸಲ ನೋವು ಬಂದು ಹಳೆಯ ಹೊಲಿಗೆ ಬಿಟ್ಟುಕೊಂಡರೆ ತಾಯಿ, ಮಗು ಇಬ್ಬರ ಜೀವಕ್ಕೂ ಕುತ್ತು. ಹಾಗಾಗಿ ಡಾಕ್ಟರಮ್ಮ ಗುರುವಾರಕ್ಕೆ ಆಪರೇಷನ್ ಗೊತ್ತು ಮಾಡಿ, ಬುಧವಾರ ಕೊನೆಯದೊಂದು ಸ್ಕ್ಯಾನಿಗೆ ನಮ್ಮಲ್ಲಿಗೆ ಕಳಿಸಿದರು.

ಬುಧವಾರ ಆಕೆ ಮಂಚದ ಮೇಲೆ ಮಲಗಿದಾಗ ಅಕ್ಕ ಎಂದಿನಂತೆ ಅಂಕಿ ಹೇಳಿದರು. ತಲೆ ಮೂವತ್ತೆಂಟು ವಾರ. ನಾನು ಟೈಪು ಮಾಡಿದೆ. ತೊಡೆಯ ಮೂಳೆ ಮೂವತ್ತೈದು. ಅದನ್ನೂ ಮಾಡಿದೆ. ಅಕ್ಕ ಕೂರುವ ಸ್ಟೂಲು ಯಾವಾಗಲೂ ಕಿರ್ ಎನ್ನುತ್ತಿರುತ್ತದೆ, ಆ ಕಿರ್ ಥಟ್ಟನೆ ನಿಂತುಹೋಯಿತು.

"ನಿಮ್ಮ ಯಜಮಾನರಿಗೆ ಹೆಲ್ಮೆಟ್ ಸಿಗುತ್ತಾ?" ಎಂದು ಅಕ್ಕ ಆಕೆಯನ್ನು ಕೇಳಿದ್ದು ಕಿವಿಗೆ ಬಿತ್ತು.

"ಎಲ್ಲಿ ಸಿಗುತ್ತೆ ಅಕ್ಕ, ಮೂರು ಅಂಗಡಿ ಅಲೆದು ವಾಪಸ್ ಬಂದ್ರು. ಅವರಪ್ಪಂದೂ ಹಾಗೇ."

"ಹಾಗಾದ್ರೆ ಈ ತಲೆಯ ಮಾತು ನಂಬೋ ಹಾಗಿಲ್ಲ. ಮೊದಲನೇ ಮಗು ಹೇಗಿದೆ?"

"ಇಲ್ಲ ಅಕ್ಕ. ಉಸಿರಾಡೋಕೆ ಆಗ್ಲಿಲ್ಲ. ಮೂರನೇ ದಿನ ಹೋಯ್ತು. ದಿನ ತುಂಬೋ ಮುಂಚೆ ತೆಗೆದುಬಿಟ್ರು ಅಂತ ಆಮೇಲೆ ಯಾರೋ ಹೇಳಿದ್ರು."

ಅಕ್ಕ ಕಸವನ್ನು ಒಂದಲ್ಲ, ಮೂರು ಸಲ ಅಳೆದರು. ಮೂವತ್ತನಾಲ್ಕೂವರೆ. ಮೂವತ್ತೈದು. ಮೂವತ್ತೈದು. ನೀರು ಸರಿಯಾಗಿದೆ, ರಕ್ತದ ಓಟ ಚೆನ್ನಾಗಿದೆ, ಹೊಟ್ಟೆಯ ಅಳತೆಯೂ ಮೂವತ್ತೈದರ ಹತ್ತಿರ. ಬೆಳವಣಿಗೆ ಕುಗ್ಗಿದ ಮಗುವಲ್ಲ ಅದು. ಕೈ ಒರೆಸಿಕೊಳ್ಳುತ್ತ ಪರದೆ ಸರಿಸಿ ನನ್ನ ಬಳಿ ಬಂದರು.

"ಇವಳ ತಿಂಗಳು ಕೇಳಿದ್ದು ಯಾರು?"

"ನಾನೇ. ಯಾಕೆ?"

"ಏನಂದ್ರು?"

"ಒಂಬತ್ತು ಅಂದ್ರು."

"ಬರೀ ಒಂಬತ್ತು ಅಂದ್ರಾ? ಒಂಬತ್ತು ತುಂಬಿದೆ ಅಂದ್ರಾ? ಒಂಬತ್ತಕ್ಕೆ ಬಿದ್ದಿದೆ ಅಂದ್ರಾ?"

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ತಪ್ಪು ಮಾಡಿದವರಿಗೇ ಸಿಟ್ಟು ಮೊದಲು ಬರುವುದು. "ನಲವತ್ತು ಜನಕ್ಕೂ ಕೂತು ವ್ಯಾಕರಣ ಕೇಳೋಕಾಗುತ್ತಾ ಅಕ್ಕ? ಒಂಬತ್ತು ಅಂದ್ರೆ ಒಂಬತ್ತು!" ಎಂದೆ.

ಅಕ್ಕ ದನಿ ಏರಿಸಲಿಲ್ಲ. "ಹೊರಗೆ ಅವರತ್ತೆ ಕೂತಿದಾರೆ. ಹೋಗಿ ಇನ್ನೊಂದು ಸಲ ಕೇಳ್ಕೊಂಡು ಬಾ. ಮೆಲ್ಲಗೆ ಕೇಳು" ಎಂದರು.

ಅತ್ತೆ ಬೆಂಚಿನ ತುದಿಯಲ್ಲಿ ಕೂತು ತೂಕಡಿಸುತ್ತಿದ್ದರು. ಕೇಳಿದೆ. "ಅವತ್ತೇ ಹೇಳಿದ್ನಲ್ಲಮ್ಮ, ಎಂಟು ತುಂಬಿ ಒಂಬತ್ತಕ್ಕೆ ಬಿತ್ತು ಅಂತ. ಈಗ ಬಿದ್ದು ಎರಡು ದಿನ ಆಯ್ತು" ಎಂದರು.

ನನಗೂ ಗೊತ್ತಿರುವ ಮಾತೇ. ನನ್ನ ಅಮ್ಮ, ದೊಡ್ಡಮ್ಮ, ಅತ್ತಿಗೆ ಎಲ್ಲರೂ ತಿಂಗಳು ಎಣಿಸುವುದೇ ಹಾಗೆ. ತುಂಬುವುದು ಬೇರೆ, ಬೀಳುವುದು ಬೇರೆ. ಎರಡರ ನಡುವೆ ನಾಲ್ಕು ವಾರ. ಆ ನಾಲ್ಕು ವಾರವನ್ನು ನಾನು ಒಂದು ಗುಂಡಿ ಒತ್ತಿ ನುಂಗಿಬಿಟ್ಟಿದ್ದೆ. ನಾಳೆ ಬೆಳಿಗ್ಗೆ ಎಂಟಕ್ಕೆ ಇನ್ನೊಂದು ಮಗುವನ್ನು ದಿನ ತುಂಬುವ ಮುಂಚೆ ಹೊರಗೆ ತೆಗೆಯುತ್ತಾರೆ, ಅದಕ್ಕೆ ಕಾರಣ ನಾನು. ಸೊಸೆಯನ್ನು, "ನೀನಾದ್ರೂ ಯಾಕಮ್ಮ ಹೇಳಲಿಲ್ಲ?" ಎಂದೆ. "ನನ್ನ ಲೆಕ್ಕದಲ್ಲಿ ಇನ್ನೂ ಇದೆ ಅನ್ನಿಸ್ತು. ಆದ್ರೆ ಕಂಪ್ಯೂಟರ್‌ನಲ್ಲಿ ಬಂದಿದೆ ಅಂದ್ರು" ಎಂದಳು. ಆ ಕಂಪ್ಯೂಟರ್ ನಾನೇ.

"ಅಕ್ಕ, ತಪ್ಪು ನಂದು" ಎಂದೆ.

"ತಪ್ಪು ಯಾರದು ಅಂತ ಆಮೇಲೆ ಹುಡುಕೋಣ. ಮಗೂಗೆ ನಾಲ್ಕು ವಾರ ಬೇಕು, ಅದನ್ನ ಮೊದಲು ಕೊಡಿಸೋಣ ನಡಿ" ಎಂದು ಕಸದ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಹೊರಟರು.

ದೊಡ್ಡ ಡಾಕ್ಟರಮ್ಮ ಕೆಟ್ಟವರಲ್ಲ, ಅವಸರದವರು. ನಿಂತೇ ಕೇಳಿಸಿಕೊಂಡರು. "ಫೈಲು ಮೂವತ್ತೊಂಬತ್ತು ಅನ್ನುತ್ತೆ, ತಲೆ ಮೂವತ್ತೆಂಟು ಅನ್ನುತ್ತೆ. ನಿಮ್ಮ ಕಸ ಮೂವತ್ತೈದು ಅನ್ನುತ್ತೆ ಅಂತ ನಾನು ಕಾಯಬೇಕಾ? ಕಾಯುವಾಗ ನೋವು ಬಂದು ಹೊಲಿಗೆ ಬಿಟ್ರೆ?"

"ಭಯ ಇದ್ದದ್ದೇ ಡಾಕ್ಟ್ರೆ. ಆದ್ರೆ ತಲೆ ಅವರಪ್ಪನ ಕಡೆಯದು. ಹೊರಗೆ ನಿಂತಿದಾರೆ, ಒಂದು ಸಲ ನೋಡಿ. ಮಿಕ್ಕ ಅಳತೆಗಳೆಲ್ಲ ಒಂದೇ ಮಾತು ಹೇಳ್ತಿವೆ. ಕಸದ ಮೇಲೊಂದೇ ತೀರ್ಮಾನ ಮಾಡಿ ಅಂತ ನಾನೂ ಹೇಳಲ್ಲ. ಅದು ಅನುಮಾನ ಹುಟ್ಟಿಸಿತು, ಅಷ್ಟೇ." ಅಕ್ಕ ಪುಸ್ತಕವನ್ನು ಮೇಜಿನ ಮೇಲೆ ಬಿಡಿಸಿಟ್ಟರು. "ಹನ್ನೊಂದು ವರ್ಷದ್ದು ಇದೆ. ಎರಡು ಸಾವಿರಕ್ಕೂ ಮೇಲೆ ಅಳತೆ."

ಡಾಕ್ಟರಮ್ಮನ ಕಣ್ಣು ಬೇರೆಲ್ಲೂ ಬೀಳದೆ ಅಲ್ಲಿಗೇ ಬೀಳಬೇಕೇ? "ಇದೇನಿದು, ಮೂರು ಚೀಲ, ಒಂದು ಹರಿದಿತ್ತು?"

"ಅದು ಬೇರೆ ಕಸ" ಎಂದರು ಅಕ್ಕ.

ಡಾಕ್ಟರಮ್ಮ ನಕ್ಕರು. ನಗು ಬಂದವರು ಕುರ್ಚಿ ಎಳೆದು ಕೂತರು. ಕೂತವರು ಪುಟ ತಿರುಗಿಸಿದರು. ಕಸ ಮೂವತ್ತಮೂರು, ವಾರ ಮೂವತ್ತಮೂರು. ಕಸ ಇಪ್ಪತ್ತಾರು, ವಾರ ಇಪ್ಪತ್ತೇಳು. ಕಸ ನಲವತ್ತೊಂದು, ವಾರ ಮೂವತ್ತೆರಡು, ಷರಾದಲ್ಲಿ "ತಾಯಿಗೆ ಸಕ್ಕರೆ, ನಂಬಬೇಡಿ". ತಪ್ಪಿದವುಗಳನ್ನೂ ಅಕ್ಕ ಮುಚ್ಚಿಟ್ಟಿರಲಿಲ್ಲ. ಅದನ್ನು ನೋಡಿಯೇ ಡಾಕ್ಟರಮ್ಮನಿಗೆ ನಂಬಿಕೆ ಬಂದದ್ದು ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ.

"ಮತ್ತೆ ಫೈಲಿನಲ್ಲಿ ಒಂಬತ್ತು ಅಂತ ಬರೆದವರು ಯಾರು?" ಎಂದು ತಲೆ ಎತ್ತಿದರು.

ನಾನು ಬಾಯಿ ತೆರೆದೆ. ಅಕ್ಕ ಮುಂದೆ ಬಂದರು. "ಫಾರಮಿನ ಗೂಡು ಚಿಕ್ಕದು ಡಾಕ್ಟ್ರೆ. ಒಂಬತ್ತು ಅಂತ ಬರೆಯೋಕೆ ಜಾಗ ಇದೆ, ಬಿದ್ದಿದೆ ಅಂತ ಬರೆಯೋಕೆ ಇಲ್ಲ. ಈಗ ಇವಳೇ ಹೋಗಿ ಅತ್ತೇನ ಕೇಳ್ಕೊಂಡು ಬಂದಳು, ಎಂಟು ತುಂಬಿ ಎರಡು ದಿನ ಅಷ್ಟೇ ಅಂತೆ."

ಡಾಕ್ಟರಮ್ಮ ಒಮ್ಮೆ ನನ್ನನ್ನೂ ಒಮ್ಮೆ ಅಕ್ಕನನ್ನೂ ನೋಡಿದರು. ಎಲ್ಲ ಅರ್ಥವಾಗಿತ್ತು ಎಂದು ಕಾಣುತ್ತದೆ. ಗುರುವಾರದ ಪಟ್ಟಿಯಲ್ಲಿದ್ದ ಹೆಸರಿನ ಮೇಲೆ ಗೆರೆ ಎಳೆದು, "ವಾರ್ಡಿನಲ್ಲೇ ಇರಲಿ. ನೋವು ಅಂತ ಒಂಚೂರು ಬಂದ್ರೂ ನನ್ನ ಕರೀರಿ. ಎರಡು ವಾರಕ್ಕೆ ಮತ್ತೆ ಅಳೀರಿ" ಎಂದರು.

ಆ ನಾಲ್ಕು ವಾರ ನಾನು ಹೇಗೆ ಕಳೆದೆ ಎಂದು ಕೇಳಬೇಡಿ. ದಿನಾ ಬೆಳಿಗ್ಗೆ ಮೇಜಿಗೆ ಬರುವ ಮೊದಲು ಎರಡನೇ ಮಹಡಿಯ ವಾರ್ಡಿಗೆ ಹೋಗಿ ಬಾಗಿಲಲ್ಲಿ ನಿಂತು ಆಕೆಯ ಮಂಚ ನೋಡುತ್ತಿದ್ದೆ. ಹೊಟ್ಟೆ ಇನ್ನೂ ಇದ್ದರೆ ಸಮಾಧಾನ. ನಾನು ಯಾಕೆ ಬರುತ್ತೇನೆಂದು ಆಕೆಗೆ ತಿಳಿಯದು. ಎಷ್ಟು ಒಳ್ಳೆಯವರು ನೀವು ಎಂದು ನನ್ನ ಕೈ ಹಿಡಿದುಕೊಳ್ಳುತ್ತಿದ್ದಳು, ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸುತ್ತಿತ್ತು. ಗಂಡ ಸಂಜೆ ವ್ಯಾನು ನಿಲ್ಲಿಸಿ ಬಂದು, "ಮಗು ನನ್ನ ತಲೆ ತಗೊಂಡು ಬರುತ್ತಂತೆ, ಇನ್ನು ಇಬ್ಬರಿಗೂ ಟೋಪಿ ಹುಡುಕಬೇಕು" ಎಂದು ವಾರ್ಡಿಗೆಲ್ಲ ಹೇಳಿಕೊಂಡು ನಗುತ್ತಿದ್ದ. ಎರಡು ವಾರ ಬಿಟ್ಟು ಅಕ್ಕ ಮತ್ತೆ ಅಳೆದರು. ತೊಡೆಯ ಮೂಳೆ ಸರಿಯಾಗಿ ಎರಡು ವಾರದಷ್ಟೇ ಬೆಳೆದಿತ್ತು. ಅಕ್ಕ ಸುಳ್ಳು ಹೇಳಿರಲಿಲ್ಲ, ಕಸವೂ ಹೇಳಿರಲಿಲ್ಲ.

ಒಂಬತ್ತು ನಿಜವಾಗಿ ತುಂಬಿದ ಮೇಲೆ, ಒಂದು ಮಂಗಳವಾರ ಬೆಳಿಗ್ಗೆ ಆಪರೇಷನ್ ಆಯಿತು. ನಾನು ಮೇಜಿನ ಮುಂದೆ ಕೂತಿದ್ದೆ, ಕೈ ಓಡುತ್ತಿರಲಿಲ್ಲ. ಹತ್ತು ಗಂಟೆಗೆ ಆಯಾ ಮೆಟ್ಟಿಲು ಹತ್ತಿ ಓಡಿ ಬಂದಳು, ಚೀಲದ ಲೆಕ್ಕ ಬರೆದಿದ್ದವಳೇ. "ಹೆಣ್ಣು ಮಗು! ಏನು ಅಳುತ್ತೆ ಅಂತೀರಿ, ಕೆಳಗಿನ ಮಹಡೀಗೂ ಕೇಳಿಸ್ತು. ತಲೆಗೆ ಟೋಪಿ ಹಿಡೀಲಿಲ್ಲ, ನರ್ಸು ಕತ್ತರಿ ತಗೊಂಡು ಹಿಂದೆ ಸೀಳಿ ಹಾಕಿದ್ರು" ಎಂದಳು. ಆಮೇಲೆ ಅಕ್ಕನ ಕಡೆ ತಿರುಗಿ, "ಕಸಾನೂ ಪೂರ್ತಿ ಬಂತಂತೆ" ಎಂದಳು. ಅಕ್ಕ ಈ ಸಲ ಹುಬ್ಬು ಗಂಟಿಕ್ಕಲಿಲ್ಲ. "ಪಾಪ, ಅದರ ಕೆಲಸ ಮುಗೀತು" ಎಂದರು.

ನಾನು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತು ಬಂದೆ. ಅಕ್ಕ ಅವತ್ತೂ ಏನೂ ಅನ್ನಲಿಲ್ಲ, ಆಮೇಲೂ ಅನ್ನಲಿಲ್ಲ. ನನ್ನ ತಪ್ಪನ್ನು ಹೊಟ್ಟೆಗೆ ಹಾಕಿಕೊಂಡರು. ಅನ್ನದೆ ಇದ್ದದ್ದೇ ನನಗೆ ಕಷ್ಟವಾಗುತ್ತಿತ್ತು. ಫಾರಮಿನಲ್ಲಿ ಒಂದು ಗೂಡಿನ ಬದಲು ಎರಡು ಮಾಡಬೇಕು, ತುಂಬಿದ್ದು ಎಷ್ಟು, ಬಿದ್ದಿದ್ದು ಎಷ್ಟಕ್ಕೆ ಎಂದು ನಾನು ಆಫೀಸಿನವರ ಬೆನ್ನು ಹತ್ತಿ, ಅಚ್ಚು ಹಾಕುವವನ ಜೊತೆ ಜಗಳವಾಡಿ, ಆರು ತಿಂಗಳಿಗೆ ಮಾಡಿಸಿದೆ. ಹೊಸ ಫಾರಂ ನೋಡಿ ಅಕ್ಕ, "ಗೂಡಿನ ಅಗಲ ಎರಡು ಮಿಲಿಮೀಟರ್ ಕಮ್ಮಿ ಆಯ್ತು" ಎಂದರು. ಅದಕ್ಕಿಂತ ದೊಡ್ಡ ಶಹಭಾಸ್‌ಗಿರಿ ಅವರ ಬಾಯಿಂದ ಬರುವುದಿಲ್ಲ.

ಹೋದ ತಿಂಗಳು ಅಕ್ಕ ನಿವೃತ್ತರಾದರು. ಕೊನೆಯ ದಿನ ಮರದ ಮೆಟ್ಟಿಲನ್ನು ಒಮ್ಮೆ ಅಲ್ಲಾಡಿಸಿ ನೋಡಿ, ಜೆಲ್ಲಿನ ಬೋಗುಣಿಯನ್ನು ತಮ್ಮ ಜಾಗಕ್ಕೆ ಬಂದ ಹೊಸಬಳಿಗೆ ಒಪ್ಪಿಸಿ, ಕಸದ ಪುಸ್ತಕವನ್ನು ನನ್ನ ಮೇಜಿನ ಮೇಲಿಟ್ಟರು. "ನೀನು ಇಟ್ಕೋ. ಗುಡಿಸೋರ ಕೈಗೆ ಮಾತ್ರ ಸಿಗೋ ಹಾಗೆ ಇಡಬೇಡ" ಎಂದು ನಕ್ಕು, ಕೆಳಗೆ ಕಾಯುತ್ತಿದ್ದ ಯಜಮಾನರ ಜೊತೆ ಹೊರಟುಹೋದರು.

ಮರುದಿನ ಬೆಳಿಗ್ಗೆ ಯಾರೂ ಬರುವ ಮುಂಚೆ ಬಂದು ಆ ಬುಧವಾರದ ಪುಟ ಹುಡುಕಿದೆ. ಷರಾದಲ್ಲಿ ನನ್ನ ತಪ್ಪು ಇದ್ದೇ ಇರುತ್ತದೆ ಎಂದು ಗೊತ್ತಿತ್ತು. ತಮ್ಮ ಅಳತೆ ತಪ್ಪಿದ್ದನ್ನೇ ಮುಚ್ಚಿಡದವರು ನನ್ನದನ್ನು ಮುಚ್ಚಿಡುತ್ತಾರೆಯೇ? ಆರು ವರ್ಷ ಅದನ್ನು ನೋಡುವ ಧೈರ್ಯ ನನಗಿರಲಿಲ್ಲ. ಪುಟ ಸಿಕ್ಕಿತು. ಕಸ ಮೂವತ್ತೈದು. ವಾರ ಮೂವತ್ತೈದು. ಷರಾದಲ್ಲಿ ಅಕ್ಕನ ಸಣ್ಣ ಅಕ್ಷರ: "ಒಂಬತ್ತಕ್ಕೆ ಬಿದ್ದಿತ್ತು, ತುಂಬಿರಲಿಲ್ಲ. ನಮ್ಮ ಟೈಪಿಸ್ಟ್ ಮತ್ತೆ ಕೇಳಿದಳು. ಮಗು ಉಳಿಯಿತು."

ಬೆಂಚು ತುಂಬಿದ್ದು ನನಗೆ ತಿಳಿಯಲೇ ಇಲ್ಲ. "ಏನಮ್ಮ, ಇವತ್ತು ಕರೆಯಲ್ವಾ?" ಎಂದು ಯಾರೋ ಕೂಗಿದರು. ಕಣ್ಣೊರೆಸಿಕೊಂಡು ಮೊದಲಿನವಳನ್ನು ಕರೆದು ಕೂರಿಸಿದೆ. ತಲೆ ಎತ್ತಿ, ಮುಖ ನೋಡಿ, ಮೆಲ್ಲಗೆ ಕೇಳಿದೆ: "ಎಷ್ಟು ತುಂಬಿದೆಯಮ್ಮ? ಎಷ್ಟಕ್ಕೆ ಬಿದ್ದಿದೆ?"